ತೊಗರಿಯ ಚೀಲವೂ ಮಗಳ ಗಣಿತವೂ

ಬೇಮಳಖೇಡದ ನಮ್ಮ ಮನೆಯಲ್ಲಿ ಮಗಳು ಪಿಯುಸಿ ಗಣಿತದ ‘ಸಂಬಂಧ ಮತ್ತು ಫಲನ’ಗಳಿಗೆ ಅಂಜಿ, ಓದನ್ನೇ ಬಿಡುವೆನೆಂದು ಕುಳಿತಿದ್ದಳು. ಅದೇ ವಾರ ನಾವು ಹುಮನಾಬಾದಿನ ಪೇಟೆಯಲ್ಲಿ ತೊಗರಿ ಮಾರಿ ಬಂದಿದ್ದೆವು. ತಲಾ 50 ಕಿಲೋದ ಎರಡು ಚೀಲ, ಬೆಲೆ ಮಾತ್ರ ಬೇರೆ ಬೇರೆ. ಮೋಸಹೋದೆವೆಂಬ ಸಂಕಟ ನಮಗೆ.

ರಾತ್ರಿ ಅವಳ ಪುಸ್ತಕ ಹಿಡಿದು, ಮಕ್ಕಳಿಂದ ತಾಯಿಗೆ ಗೆರೆ ಎಳೆದು ತೋರಿಸಿದೆವು. ಪ್ರತಿ ಮಗುವಿಗೂ ಹೆತ್ತ ತಾಯಿ ಒಬ್ಬಳೇ; ಆದುದರಿಂದ ಅದು ಫಲನ. ಹಲವು ಮಕ್ಕಳ ತಾಯಿಯಿಂದ ಎಳೆದರೆ ಒಬ್ಬಳಿಂದಲೇ ಹಲವು ಗೆರೆ, ಸಂಬಂಧವುಂಟು, ಫಲನವಲ್ಲ. ನೆಂಟಸ್ತಿಕೆಯ ಲೆಕ್ಕ ನಮ್ಮ ಮನೆಗಳಲ್ಲಿ ಬೇಗ ತಿಳಿಯುತ್ತದೆ!

ಮಗಳು ತುಸು ಹೊತ್ತು ಸುಮ್ಮನಿದ್ದು, “ಅಪ್ಪಾ, 50 ಕಿಲೋದಿಂದ ಎರಡು ಬೆಲೆಗೆ ಗೆರೆ ಹೋಯಿತೆಂದರೆ, ಬೆಲೆ ಬರೀ ತೂಕದ ಫಲನವಲ್ಲ. ಕಾಳಿನ ತೇವವನ್ನೂ ಎಣಿಸಬೇಕಲ್ಲವೇ?” ಎಂದಳು.

ಎರಡನೆಯ ಚೀಲ ಮಳೆಗೆ ನೆನೆದಿದ್ದುದು ಆಗ ನೆನಪಾಯಿತು. ವರ್ತಕರನ್ನು ಬೈದುದಕ್ಕೆ ನಾಚಿದೆವು. ಅವಳು ಆಗಲೇ ಮುಂದಿನ ಲೆಕ್ಕಕ್ಕೆ ಹಾಳೆ ತಿರುವಿದ್ದಳು.