ಕುರ್ಲಾದ ತಗಡಿನ ಸದ್ದು

ಕುರ್ಲಾ ಎಂಬ ಹೆಸರು ಕೇಳಿದರೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಸಂಗತಿ: ಒಂದು, ಸೆಂಟ್ರಲ್ ಲೈನಿನಿಂದ ಹಾರ್ಬರ್ ಲೈನಿಗೆ ಗಾಡಿ ಬದಲಾಯಿಸುವಾಗಿನ ನೂಕುನುಗ್ಗಲು, ಇನ್ನೊಂದು, ಬಂಟರ ಭವನದಲ್ಲಿ ಉಂಡ ಮದುವೆಯೂಟ. ನನಗೂ ಅಷ್ಟೇ ಆಗಿತ್ತು. ಈ ನಗರದಲ್ಲಿ ಅರುವತ್ತು ವರ್ಷ ಕಳೆದ ಮೇಲೆ ಅಲ್ಲಿ ಮೂರನೆಯದೊಂದು ಸಂಗತಿಯೂ ಇದೆಯೆಂದು ತಿಳಿದುದು ಕಳೆದ ಚಳಿಗಾಲದಲ್ಲಿ. ಅದನ್ನು ಓದುಗ ಬಂಧುಗಳಿಗೆ ಹೇಳಬೇಕೆಂದೇ ಈ ಬರೆಹ.

ನಮ್ಮ ಮನೆಯಲ್ಲಿ ಒಂದು ಫಿಯೆಟ್ ಕಾರಿದೆ. 1965ರ 1100 ಮಾದರಿ. ತಂದೆಯವರು ಅದನ್ನು ಹಳೆಯದಾಗಿಯೇ 1974ರಲ್ಲಿ ಕೊಂಡರು. ಹದಿನಾಲ್ಕನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಹಗಲು ಕೋಟೆಯ ಹೋಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಆದವರು ಅವರು. ಹೊಸ ಕಾರಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ, ಹಳೆಯ ಕಾರಾದರೂ ನಮ್ಮ ಚಾಳಿನ ಮುಂದೆ ಬಂದು ನಿಂತಾಗ ತೆಂಗಿನಕಾಯಿ ಒಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಪ್ರತಿ ಮೇ ತಿಂಗಳಲ್ಲಿ ಅದರಲ್ಲೇ ಊರಿಗೆ ಪಯಣ. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು, ಹಿಂದೆ ನಾಲ್ವರು, ಡಿಕ್ಕಿಯಲ್ಲಿ ಹಾಸಿಗೆ ಸುರುಳಿ. ಖಂಬಾಟಕಿ ಘಾಟಿ ಹತ್ತಿ, ಕೊಲ್ಲಾಪುರದಲ್ಲಿ ತಂಗಿ, ಬೆಳಗಾವಿ ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದರೆ ಕಡಲ ಗಾಳಿ ಮುಖಕ್ಕೆ ಬಡಿಯುತ್ತಿತ್ತು.

ಈ ಕಾರಿಗೂ ನಮ್ಮ ಕನ್ನಡ ನಾಡಿಗೂ ಇನ್ನೊಂದು ನಂಟು ಉಂಟು. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಯೋಜನೆಯೊಂದನ್ನು ಸಿದ್ಧಪಡಿಸಿದರು. ಅಂದಿನ ಸರಕಾರ ಕಿವಿಗೊಡಲಿಲ್ಲ. ಆ ಕನಸನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕಾರ್ಖಾನೆ ಇದ್ದುದು ಇದೇ ಕುರ್ಲಾದಲ್ಲಿ. ನಮ್ಮ ಫಿಯೆಟ್ ಹುಟ್ಟಿದುದು ಅಲ್ಲಿ. ಮುಂದೆ 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತು ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾದುದೂ ಅದೇ ವಂಶ. ಈಗ ಕಾರ್ಖಾನೆಯಿಲ್ಲ, ಅದರ ನೆಲದಲ್ಲಿ ಎತ್ತರದ ವಸತಿ ಕಟ್ಟಡಗಳೆದ್ದಿವೆ. ಪ್ರೀಮಿಯರ್ ರೋಡ್ ಎಂಬ ಹೆಸರು ಮಾತ್ರ ಉಳಿದಿದೆ.

2005ರ ಜುಲೈ 26ನ್ನು ಮುಂಬಯಿಯವರು ಮರೆಯುವಂತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ. ಮಿಠೀ ನದಿ ಉಕ್ಕಿತು. ಆಗ ಕಲೀನಾದಲ್ಲಿದ್ದ ನಮ್ಮ ಕಟ್ಟಡದ ಅಂಗಳದಲ್ಲಿ ಕಾರು ಸೀಟಿನ ಮಟ್ಟಕ್ಕೆ ಮುಳುಗಿತು. ನೀರಿಳಿದ ಮೇಲೆ ತಂದೆಯವರು ಅದನ್ನು ಒಂದು ಗ್ಯಾರೇಜಿಗೆ ಕೊಟ್ಟರು. ಹದಿನೈದೇ ದಿನಗಳಲ್ಲಿ ಮದುಮಗನಂತೆ ಮಿರಮಿರ ಮಿಂಚುತ್ತ ಮರಳಿತು. ಆ ಮಿಂಚಿನ ಗುಟ್ಟು ಬಯಲಾಗುವುದಕ್ಕೆ ವರ್ಷಗಳೇ ಹಿಡಿದುವು.

ತಂದೆಯವರು ಹೋದ ಬಳಿಕ ಕಾರು ಹೊದಿಕೆಯೊಳಗೆ ನಿಂತೇ ಇತ್ತು. ಪರದೇಶದಲ್ಲಿರುವ ತಮ್ಮ, "ಗುಜರಿಗೆ ಕೊಟ್ಟುಬಿಡು ಅಣ್ಣಾ, ಜಾಗವಾದರೂ ಉಳಿದೀತು" ಎಂದು ಫೋನಿನಲ್ಲಿ ಹೇಳುತ್ತಿದ್ದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುಜರಿಯವನು ಬಂದು ನೋಡಿ ತೂಕದ ಲೆಕ್ಕವನ್ನೂ ಹೇಳಿದ. ಆ ಸಂಜೆ ಎಂಬತ್ತನಾಲ್ಕು ವರ್ಷದ ನಮ್ಮ ಅಮ್ಮ ಏನೂ ಮಾತಾಡಲಿಲ್ಲ, ಊಟಕ್ಕೂ ಏಳಲಿಲ್ಲ. ಮರುದಿನ ನಾನು ಕುರ್ಲಾಕ್ಕೆ ಹೊರಟೆ.

ನಮ್ಮ ಊರ ಕಡೆ ಈ ಕೆಲಸಕ್ಕೆ ಟಿಂಕರಿಂಗ್ ಎನ್ನುತ್ತಾರೆ. ಮುಂಬಯಿಯಲ್ಲಿ ಅದು ಡೆಂಟಿಂಗ್, ಮಾಡುವವನು ಡೆಂಟರ್, ತಗಡಿಗೆ ಪತ್ರಾ. ಮುಖ್ಯ ರಸ್ತೆಯಿಂದ ಒಳಗೆ ಹೊಕ್ಕು, ಹಳೆಯ ಟಯರುಗಳ ರಾಶಿ, ಚಹದಂಗಡಿ, ಗಾಜಿನವರು, ಸೀಟು ಹೊಲಿಯುವವರು, ಎಲ್ಲ ದಾಟಿದರೆ ಒಂದು ಶೆಡ್ಡು. ಕಣ್ಣಿಗೆ ಕಾಣುವ ಮೊದಲೇ ಅದು ಕಿವಿಗೆ ಸಿಗುತ್ತದೆ: ಟಣ್, ಟಣ್, ಟಕ್. ಅಲ್ಲಿಯ ಮುಖ್ಯಸ್ಥರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಎಲ್ಲರೂ ಕರೆಯುವುದು ಉಸ್ತಾದ್ ಎಂದು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಜೇಬಿನಿಂದ ಚಿಕ್ಕದೊಂದು ಸೂಜಿಗಲ್ಲು ತೆಗೆದು ಬಲಗಡೆಯ ಮುಂದಿನ ಮಡ್‌ಗಾರ್ಡಿಗೆ ಹಿಡಿದರು. ಅದು ಅಂಟದೆ ನೆಲಕ್ಕೆ ಬಿತ್ತು. "ಸೇಠ್, ಇದು ಪತ್ರಾ ಅಲ್ಲ, ಪುಟ್ಟಿ" ಎಂದರು. ಉಳಿಯಿಂದ ಕೆರೆದಾಗ ಎರಡು ಬೆರಳು ದಪ್ಪದ ಪುಟ್ಟಿ ರೊಟ್ಟಿಯಂತೆ ಕಳಚಿತು. ಒಳಗೆ ತುಕ್ಕಿನ ಹುಡಿಯಲ್ಲದೆ ಮತ್ತೇನೂ ಇರಲಿಲ್ಲ. ತಂದೆಯವರು ದುಡ್ಡು ಕೊಟ್ಟುದು ಬಣ್ಣ ಬಳಿದ ಮಣ್ಣಿಗೆ!

ಈ ಮಾದರಿಗೆ ಹೊಸ ಮಡ್‌ಗಾರ್ಡು ಹುಡುಕಿದರೂ ನನಗೆ ಸಿಗಲಿಲ್ಲ. ಕಾರ್ಖಾನೆಯಲ್ಲಿ ಅದನ್ನು ಭಾರೀ ಪ್ರೆಸ್ಸು ಅಚ್ಚಿಗೆ ಒತ್ತಿ ಕ್ಷಣಮಾತ್ರದಲ್ಲಿ ಮಾಡುತ್ತಿತ್ತು. ಆ ಕ್ಷಣದ ಕೆಲಸಕ್ಕೆ ಉಸ್ತಾದರು ಹೇಳಿದ ಅವಧಿ ಹನ್ನೆರಡು ದಿನ. ಕೂಲಿ ನನ್ನ ಎರಡು ತಿಂಗಳ ಪಿಂಚಣಿ. ನಾನು ಒಪ್ಪಿದೆ. ಒಪ್ಪಿದ್ದಲ್ಲದೆ, ನಿವೃತ್ತನಿಗೆ ಬೇರೇನು ಕೆಲಸವೆಂದು ದಿನವೂ ಹೋಗಿ ಸ್ಟೂಲಿನ ಮೇಲೆ ಕುಳಿತು ನೋಡಿದೆ.

ಮೊದಲಿಗೆ ಎಡಗಡೆಯ ಮಡ್‌ಗಾರ್ಡಿನ ಮೇಲೆ ರಟ್ಟು ಹಿಡಿದು, ಅಲ್ಲಲ್ಲಿ ಅದರ ಬಾಗಿಗೆ ಸರಿಯಾಗಿ ಕತ್ತರಿಸಿ ಅಳತೆಪಟ್ಟಿ ಮಾಡಿಕೊಂಡರು. ಅವನ್ನು ತಿರುವಿ ಹಿಡಿದರೆ ಬಲಗಡೆಯ ಆಕಾರ. ಆಮೇಲೆ 20 ಗೇಜಿನ ಉಕ್ಕಿನ ತಗಡು, ಎಂದರೆ ಒಂದು ಮಿಲಿಮೀಟರಿಗೂ ತುಸು ಕಡಿಮೆ ದಪ್ಪದ್ದು, ಕತ್ತರಿಸಿದರು. ಚಪ್ಪಟೆ ತಗಡು ಉಬ್ಬಬೇಕಾದರೆ ಎರಡು ದಾರಿ. ನಡುವನ್ನು ಹಿಗ್ಗಿಸುವುದು ಒಂದು. ಅಂಚನ್ನು ಕುಗ್ಗಿಸುವುದು ಇನ್ನೊಂದು. ಹಿಗ್ಗಿಸಲು ಮರಳು ತುಂಬಿದ ತೊಗಲಿನ ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ಹೋಳಿಗೆ ತಟ್ಟಿದಂತೆ ಅದು ಹರಡುತ್ತದೆ, ಹರಡಿದಷ್ಟೂ ತೆಳುವಾಗುತ್ತದೆ. ಬರಿಯ ಹಿಗ್ಗಿಸುವುದರಿಂದಲೇ ಕೆಲಸ ತೆಗೆದರೆ ತಗಡು ಹರಿದೀತು. ಆದುದರಿಂದ ಅಂಚನ್ನು ಕುಗ್ಗಿಸಬೇಕು. ಅದಕ್ಕೆ ಅಂಚಿನಲ್ಲಿ ಸೀರೆಯ ನಿರಿಗೆಯಂತೆ ಮಡಿಕೆ ಹಾಕಿ, ಆ ನಿರಿಗೆ ಬಿಚ್ಚಿಕೊಳ್ಳದಂತೆ ತುದಿಯಿಂದ ಒಳಕ್ಕೆ ಬಡಿದು, ತಗಡನ್ನು ತನ್ನೊಳಗೇ ಅಡಗಿಸುತ್ತಾರೆ. ಬಾಳೆಲೆಯ ದೊನ್ನೆ ಕಟ್ಟಿದವರಿಗೆ ಇದು ಕೂಡಲೇ ಅರ್ಥವಾದೀತು. ದೊನ್ನೆಯ ಮಡಿಕೆ ಕಾಣುತ್ತದೆ, ಇಲ್ಲಿಯದು ಮಾಯವಾಗಬೇಕು, ಅಷ್ಟೇ ವ್ಯತ್ಯಾಸ.

ಪರದೇಶದ ಕಾರ್ಯಾಗಾರಗಳಲ್ಲಿ ಎರಡು ಗಾಲಿಗಳ ನಡುವೆ ತಗಡನ್ನು ಹಿಂದೆ ಮುಂದೆ ಉರುಳಿಸಿ ನುಣುಪು ಮಾಡುವ ಇಂಗ್ಲಿಷ್ ವ್ಹೀಲ್ ಎಂಬ ಯಂತ್ರ ಇರುತ್ತದೆ. ಈ ಶೆಡ್ಡಿನಲ್ಲಿ ಅದಿಲ್ಲ. ಒಳಗಿನಿಂದ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು, ಹೊರಗಿನಿಂದ ಚಪ್ಪಟೆ ಸುತ್ತಿಗೆಯಿಂದ ಸಾವಿರ ಸಲ ಮೆಲ್ಲಗೆ ಬಡಿಯುವುದೇ ದಾರಿ. ಸುತ್ತಿಗೆ ನೇರವಾಗಿ ಡಾಲಿಯ ಮೇಲೆ ಬಿದ್ದರೆ ಟಣ್. ಪಕ್ಕಕ್ಕೆ ಬಿದ್ದರೆ ಟಕ್. ಉಸ್ತಾದರು ಕೆಲಸ ನೋಡುವುದು ಕಣ್ಣಿನಿಂದಲ್ಲ. ಅಂಗೈಯನ್ನು ಮೆಲ್ಲಗೆ ಸವರಿ ಉಬ್ಬುತಗ್ಗು ಹೇಳುತ್ತಾರೆ. ನಂಬದವರಿಗಾಗಿ ಅರ ಹಾಕಿ ತೋರಿಸುತ್ತಾರೆ: ಉಬ್ಬು ಹೊಳೆಯುತ್ತದೆ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ.

ನನಗೆ ಅತ್ಯಂತ ಸೋಜಿಗವೆನಿಸಿದುದು ಬೆಂಕಿಯ ಕೆಲಸ. ಅತಿಯಾಗಿ ಹಿಗ್ಗಿದ ಕಡೆ ತಗಡು ಡಬ್ಬಿಯ ಮುಚ್ಚಳದಂತೆ ಟಪಟಪ ಎನ್ನುತ್ತದೆ. ಅಲ್ಲಿ ಗ್ಯಾಸಿನ ಜ್ವಾಲೆಯಿಂದ ನಾಲ್ಕಾಣೆಯಗಲದ ಚುಕ್ಕೆಯೊಂದನ್ನು ಕೆಂಪಗೆ ಕಾಯಿಸಿ, ಸುತ್ತಲೂ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. ಕಾದ ಚುಕ್ಕೆ ಹಿಗ್ಗಬೇಕೆಂದರೂ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಅದು ಇದ್ದಲ್ಲಿಯೇ ದಪ್ಪವಾಗುತ್ತದೆ. ಆರುವಾಗ ಸುತ್ತಲಿನದನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಬೆಂಕಿ ಹಚ್ಚಿ ಕುಗ್ಗಿಸುವುದೆಂದರೆ ಇದೇ!

ಆ ಬೆಂಕಿ ಹಿಡಿದಿದ್ದವನು ನಲವತ್ತರ ಆಸುಪಾಸಿನ ಆಳು. ನಾನು ಫೋನಿನಲ್ಲಿ ಅಮ್ಮನೊಡನೆ ಮಾತಾಡುವುದನ್ನು ಕೇಳಿ ಜ್ವಾಲೆ ಆರಿಸಿ ತಿರುಗಿದ.

"ನೀವು ಕನ್ನಡದವ್ರೇನ್ರೀ ಸಾಹೇಬ್ರ?"

"ಹೌದು ಮಾರಾಯ! ನಿನ್ನ ಊರೆಲ್ಲಿ?"

"ಸಿಂದಗಿ ಕಡೆ ರೀ, ವಿಜಾಪುರ ಜಿಲ್ಲಾ. ನಮ್ಮಪ್ಪ ಕಂಬಾರ್ಕಿ ಮಾಡ್ತಿದ್ದ. ಟ್ರ್ಯಾಕ್ಟರ್ ಬಂದ್ವು, ಕುಡ ಹಣಿಯೋ ಕೆಲಸ ಹೋತು. ಕುಲುಮಿ ಮುಚ್ಚಿ ಇಲ್ಲಿಗೆ ಬಂದೆ. ಕಾಸಿದ್ರ ಕಬ್ಬಿಣ ಏನ್ ಮಾಡ್ತದ ಅನ್ನೋದು ಸಣ್ಣಂದಿನಿಂದ ಗೊತ್ತದ ರೀ. ಇಲ್ಲಿ ತೆಳುವು ಅದ, ಅಷ್ಟ ಫರಕ್."

ಉಸ್ತಾದರ ಮಕ್ಕಳಿಬ್ಬರೂ ಈ ಕೆಲಸಕ್ಕೆ ಬರಲಿಲ್ಲವಂತೆ. ತಪ್ಪೆನ್ನಲಾಗದು. ಇಂದು ಕಾರು ಗುದ್ದಿದರೆ ಹೊಸ ಭಾಗವನ್ನೇ ತಂದು ಜೋಡಿಸುತ್ತಾರೆ, ಬಡಿಯುವವರಾರು? ಈ ಕೇರಿಗಳಿಗೆ ಅನ್ನ ಹಾಕುತ್ತಿದ್ದುದು ಪದ್ಮಿನಿ ಟ್ಯಾಕ್ಸಿಗಳು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು; ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಷ್ಯವೆಂಬ ನಿಯಮದಿಂದ 2023ರ ಅಕ್ಟೋಬರ್ ಕೊನೆಗೆ ಅವೆಲ್ಲ ಬೀದಿಯಿಂದ ಮರೆಯಾದುವು. ಉಳಿದುದು ನಮ್ಮಂಥವರ ಹುಚ್ಚು. ಐವತ್ತು ವರ್ಷ ಮೀರಿ ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ಅವಕಾಶ ಮಾಡಿದೆ. ಆದರೆ ಮೂಲರೂಪ ಉಳಿಸುವ ಕೈಗಳಿಗೆ ಯಾವ ನೋಂದಣಿ? "ಇವನಿಗೆ ಕೈ ಇದೆ" ಎಂದು ಉಸ್ತಾದರು ಸಿಂದಗಿಯವನನ್ನು ತೋರಿಸಿದಾಗ, ಆ ಮಾತಿನಲ್ಲಿ ಹೆಮ್ಮೆಯೂ ನಿಟ್ಟುಸಿರೂ ಕೂಡಿಯೇ ಇದ್ದುವು.

ಹತ್ತನೆಯ ದಿನ ತೊಡಕೊಂದು ಬಂತು. ಹೊಸ ಮಡ್‌ಗಾರ್ಡನ್ನು ಕಾರಿಗಿಟ್ಟರೆ ದೀಪದ ಬಳಿ ಬಾನೆಟ್ಟಿಗೂ ಅದಕ್ಕೂ ಬೆರಳಗಲ ಸಂದು. ಉಸ್ತಾದರು ಎಡಗಡೆಯದರ ಮೇಲೆ ಬಹಳ ಹೊತ್ತು ಅಂಗೈ ಆಡಿಸಿ, "ಈ ಕಡೆ ಎಂದಾದರೂ ಏಟು ಬಿದ್ದಿತ್ತೆ?" ಎಂದು ಕೇಳಿದರು. ಎಡಗಡೆಯ ಹಳೆಯ ತಪ್ಪು ಅಳತೆಯ ಜೊತೆಗೆ ಬಲಗಡೆಗೂ ಬಂದಿತ್ತು! ನನಗೆ ಹೊಳೆಯಲಿಲ್ಲ. ಅಮ್ಮನಿಗೆ ಫೋನು ಮಾಡಿದೆ.

ಅಮ್ಮ ಒಂದು ಗಳಿಗೆ ಸುಮ್ಮನಿದ್ದು ನಕ್ಕರು. ತಂದೆಯವರು ಹೋದ ಮೇಲೆ ಅವರು ಹಾಗೆ ನಕ್ಕುದನ್ನು ನಾನು ಕೇಳಿರಲಿಲ್ಲ. "ಅರಬೈಲು ಘಟ್ಟದಲ್ಲಿ ಎತ್ತಿನ ಗಾಡಿಗೆ ತಾಗಿಸಿದ್ದರಲ್ಲ! ನೀವೆಲ್ಲ ನಿದ್ದೆಯಲ್ಲಿದ್ದಿರಿ. ಗಾಡಿಯವನೇ ಹಿಂದಕ್ಕೆ ಬಂದದ್ದೆಂದು ಊರಲ್ಲೆಲ್ಲ ಹೇಳಿಕೊಂಡು ಬಂದರು. ಗಾಡಿಯವನದ್ದು ಎಂತ ತಪ್ಪೂ ಇಲ್ಲ ಮಗಾ, ಇವರದ್ದೇ."

ಉಸ್ತಾದರು ಬಲಗಡೆಯದನ್ನು ಬಾನೆಟ್ಟಿನ ಗೆರೆಗೆ ಹೊಂದಿಸಿ ತಿದ್ದಿದರು. ಎಡಗಡೆಯದನ್ನೂ ಸರಿಮಾಡಲೇ ಎಂದು ಕೇಳಿದಾಗ, ಅದು ಇರಲಿ ಎಂದು ಅಮ್ಮ ಹೇಳಿ ಕಳುಹಿಸಿದರು.

ಬಣ್ಣ ಒಣಗಿದ ಮೇಲೆ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸಯನ್ ದಾಟಿ ಮಾಟುಂಗಾಕ್ಕೆ ಹೋಗಿ ಕಾಫಿ ಕುಡಿದು ಬಂದೆವು. ದಾರಿಯಲ್ಲಿ ಅವರು ಕೇಳಿದುದು ಒಂದೇ ಮಾತು: "ಬಿಲ್ಲು ಎಷ್ಟಾಯಿತು?" ತಂದೆಯವರಿದ್ದರೂ ಅದನ್ನೇ ಕೇಳುತ್ತಿದ್ದರು. ನಾನು ಅರ್ಧ ಹೇಳಿದೆ.

ಓದುಗರಲ್ಲಿ ಯಾರ ಅಂಗಳದಲ್ಲಾದರೂ ಹೊದಿಕೆಯೊಳಗೆ ಹಳೆಯ ಗಾಡಿ ನಿಂತಿದ್ದರೆ, ಗುಜರಿಯವನಿಗೆ ಹೇಳಿಕಳುಹಿಸುವ ಮೊದಲು ಒಂದು ಸೂಜಿಗಲ್ಲು ಹಿಡಿದು ನೋಡಿ. ಆಮೇಲೆ ಕುರ್ಲಾದಲ್ಲಿ ಇಳಿದು, ಆ ಸದ್ದು ಎಲ್ಲಿಂದ ಬರುತ್ತದೆಂದು ಕೇಳುತ್ತ ನಡೆಯಿರಿ. ಅದು ಇನ್ನೂ ಕೇಳಿಸುತ್ತಿದೆ.