ಬಾಗಿಲಿಗೆ ರೆಕ್ಕೆ ಬಂದದ್ದೇಕೆ?

ಹಳೆಯ ಮೋಟಾರುಗಳ ಚಿತ್ರ ಕಂಡರೆ ಕಣ್ಣು ಕೀಳಲಾರದವನು ನಾನು. ಮರ್ಸಿಡಿಸ್-ಬೆಂಜ್ ಸಂಸ್ಥೆಯ ‘೩೦೦ ಎಸ್.ಎಲ್.’ ಕಾರನ್ನು ನೋಡಿದವರು ಮೊದಲು ಮೆಚ್ಚುವುದು ಅದರ ಬಾಗಿಲನ್ನು. ಕಡಲಹಕ್ಕಿ ರೆಕ್ಕೆ ಬಿಚ್ಚಿದಂತೆ ಮೇಲಕ್ಕೆ ತೆರೆದುಕೊಳ್ಳುವ ಆ ಬಾಗಿಲು ಸಿರಿವಂತರ ಷೋಕಿಗಾಗಿ ಹುಟ್ಟಿತೆಂದು ಎಣಿಸುವವರುಂಟು. ವಾಸ್ತವವಾಗಿ ಅದು ಹುಟ್ಟಿದ್ದು ಬಡತನದಿಂದ!

ಮಹಾಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಸಂಸ್ಥೆಗೆ ೧೯೫೨ರ ಪಂದ್ಯಗಳಿಗಾಗಿ ಹೊಸ ಎಂಜಿನ್ನು ನಿರ್ಮಿಸುವ ಅನುಕೂಲವಿರಲಿಲ್ಲ. ತನ್ನದೇ ದೊಡ್ಡ ಕಾರಿನ ೬ ಸಿಲಿಂಡರುಗಳ, ೩ ಲೀಟರಿನ ಭಾರವಾದ ಎಂಜಿನ್ನೇ ಗತಿ. ಅಂದಮೇಲೆ ಉಳಿದುದನ್ನಾದರೂ ಹಗುರಗೊಳಿಸಬೇಕಷ್ಟೆ. ರೂಡಾಲ್ಫ್ ಊಲೆನ್‌ಹೌಟ್ ಎಂಬ ಎಂಜಿನಿಯರರು ಚಾಸಿಯ ಮೇಲೆ ಕಣ್ಣಿಟ್ಟರು.

ಎರಡು ಉಕ್ಕಿನ ತೊಲೆಗಳಿಗೆ ಅಡ್ಡಪಟ್ಟಿ ಬಿಗಿದ, ಏಣಿಯಂತಹ ಚಾಸಿಯು ಹಳೆಯ ರೂಢಿ. ಅದರ ಬದಲು ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಪಂಜರ ಕಟ್ಟಿದರು. ಚೌಕವನ್ನು ಮೂಲೆ ಹಿಡಿದು ತಳ್ಳಿದರೆ ಓರೆಯಾಗುತ್ತದೆ, ತ್ರಿಕೋನ ಜಗ್ಗದು. ರೈಲ್ವೆ ಸೇತುವೆಯ ಉಕ್ಕಿನ ಜಾಲದ ಗುಟ್ಟೂ ಇದೇ. ಕೊಳವೆಗಳಿಗೆ ಬಾಗುವ ಕಷ್ಟ ಬಾರದು. ಎಳೆತ, ಇಲ್ಲವೆ ಒತ್ತಡ, ಅಷ್ಟೆ. ೧೯೫೪ರಲ್ಲಿ ಮಾರಾಟಕ್ಕೆ ಬಂದ ಕಾರಿನ ಪಂಜರ ಕೇವಲ ೮೨ ಕಿಲೋಗ್ರಾಂ. ಮೈತುಂಬಿದ ಒಬ್ಬ ಮನುಷ್ಯನ ತೂಕ!

ಆದರೆ ಪಂಜರಕ್ಕೆ ಬಲ ಬರಬೇಕಾದರೆ ಆಸನಗಳ ಇಕ್ಕೆಲದಲ್ಲಿ ಅದು ಎತ್ತರವಾಗಿರಬೇಕು. ಬಾಗಿಲಿರಬೇಕಾದ ಎಡೆಯಲ್ಲೇ ಕೊಳವೆಗಳು! ಕತ್ತರಿಸಿದರೆ ಬಲ ಹೋದೀತು, ಬಾಗಿಲೇ ಮಾಡಿಗೇರಿತು. ಒಳಹೊಗಲು ಮೋಟುಗೋಡೆ ಹತ್ತಿದಂತೆ ಹತ್ತಿ ಜಾರಬೇಕು. ಚಾಲಕನ ಕಾಲಿಗೆ ಎಡೆಗೊಡಲು ಸ್ಟಿಯರಿಂಗ್ ಚಕ್ರವನ್ನೂ ಮಡಚುವಂತೆ ಮಾಡಿದ್ದರು. ಪಂಚೆಯುಟ್ಟವರ ಪಾಡು ದೇವರಿಗೇ ಪ್ರೀತಿ.

ಪಂಜರವನ್ನು ನಾನೆಷ್ಟು ಮೆಚ್ಚಿದರೂ ಕಾರನ್ನು ನಿರ್ದೋಷಿ ಎನ್ನಲಾರೆ. ಹಿಂದಿನ ಚಕ್ರಗಳ ಅಚ್ಚು ಇಬ್ಭಾಗವಾಗಿ, ನಡುವಿನ ಕೀಲುಗಳಿಂದ ತೂಗಾಡುವ ಬಗೆಯದು. ತಿರುವಿನಲ್ಲಿ ಹೆದರಿ ಥಟ್ಟನೆ ವೇಗವಿಳಿಸಿದರೆ ಹಿಂಭಾಗ ಮೇಲೆದ್ದು, ಚಕ್ರ ಒಳಕ್ಕೆ ಮಡಚಿಕೊಂಡು ನೆಲದ ಹಿಡಿತ ತಪ್ಪುತ್ತಿತ್ತು. ಹತ್ತಿ ಇಳಿಯುವ ಮುಜುಗರವನ್ನು ಸಹಿಸಬಹುದು. ಇದು ಪ್ರಾಣದ ಪ್ರಶ್ನೆ. ಪಂದ್ಯದ ನಿಪುಣರಿಗೆ ತಕ್ಕ ಗಾಡಿಯನ್ನು ಹಣವುಳ್ಳ ಯಾರಿಗಾದರೂ ಮಾರಿದ್ದು ಸರಿಯೆಂದು ನನಗೆ ತೋರುವುದಿಲ್ಲ.

೧೯೫೭ರಲ್ಲಿ ಬಂದ ತೆರೆದ ಮಾದರಿಯಲ್ಲಿ ಅಚ್ಚಿನ ಕೀಲನ್ನು ಕೆಳಗಿಳಿಸಿ ಈ ಕೇಡನ್ನು ಬಹುಮಟ್ಟಿಗೆ ತಗ್ಗಿಸಿದರು. ಪಂಜರದ ಪಕ್ಕಗಳನ್ನೂ ತಗ್ಗಿಸಿ, ಎಲ್ಲ ಕಾರುಗಳಂತೆ ಬಾಗಿಲಿಟ್ಟರು. ತೂಕವೇನೋ ಏರಿತು. ರೆಕ್ಕೆಯುಳ್ಳವು ೧,೪೦೦ ತಯಾರಾದವು, ರೆಕ್ಕೆಯಿಲ್ಲದವು ೧,೮೫೮. ಚಿತ್ರ ನೋಡಲು ನನಗೆ ಮೊದಲನೆಯದೇ ಸಾಕು. ಹೆಂಡತಿ ಮಕ್ಕಳನ್ನು ಬಿಟ್ಟು ನಾನೊಬ್ಬನೇ ಘಾಟಿ ಇಳಿಯುವುದಾದರೂ ಎರಡನೆಯದನ್ನೇ ಕೇಳಿಕೊಂಡೇನು.