ಗೋಡೆಗೆ ಒರಗಿದವರು

ಎಡಿನ್‌ಬರೋದ ಗ್ರೇಫ್ರೈಯರ್ಸ್ ಚರ್ಚಿನ ಗೇಟು ದಾಟಿದರೆ ಮೊದಲು ಕಾಣುವುದು ಬಾಬಿ ಎಂಬ ನಾಯಿಯ ಕಲ್ಲು. ಒಡೆಯನ ಗೋರಿಯನ್ನು ಹದಿನಾಲ್ಕು ವರ್ಷ ಕಾದು 1872ರಲ್ಲಿ ಸತ್ತಿತೆಂದು ಕತೆ. ಬಂದವರು ಅದಕ್ಕೆ ಆಡಲೆಂದು ಕಡ್ಡಿ ಇಟ್ಟು ಹೋಗುತ್ತಾರೆ. ನಾನೂ ಒಂದು ಇಟ್ಟೆ. ಆದರೆ ಮನಸ್ಸೆಲ್ಲ ಗೋಡೆಯ ಮೇಲಿತ್ತು.

ಅಲ್ಲಿನ ಗೋಡೆಗಳನ್ನು ಆತುರದಲ್ಲಿ ನೋಡಬಾರದು. ಕಲ್ಲಿದ್ದಲ ಹೊಗೆ ಕುಡಿದೂ ಕುಡಿದೂ ಮರಳುಗಲ್ಲು ಹಳೆಯ ಅಡುಗೆಮನೆಯ ಜಂತೆಯ ಹಾಗೆ ಕಪ್ಪಾಗಿದೆ. ಅಂಚಿನುದ್ದಕ್ಕೂ ಹದಿನೇಳನೆಯ ಶತಮಾನದ ಸಿರಿವಂತರ ಸ್ಮಾರಕಗಳು: ಕಂಬ, ಕಮಾನು, ತಲೆಬುರುಡೆ. ಊಟ ಮುಗಿಸಿ ಜಗಲಿಯಲ್ಲಿ ಗೋಡೆಗೊರಗಿ ಕೂತ ಹಿರಿಯರಂತೆ ಎಲ್ಲವೂ ಬೆನ್ನು ಕೊಟ್ಟು ನಿಂತಿವೆ.

ನನಗೆ ಚೆಂದ ಕಂಡದ್ದು ಮಾತ್ರ ಕೆತ್ತನೆಯ ಸೋಂಕೇ ಇಲ್ಲದ ಒಂದು ಒರಟು ತುಂಡು. 1513ರಲ್ಲಿ ಫ್ಲಾಡನ್ ಕಾಳಗದಲ್ಲಿ ದೊರೆ ನಾಲ್ಕನೆಯ ಜೇಮ್ಸ್ ಮಡಿದ ಮೇಲೆ, ಇಂಗ್ಲಿಷರು ಬಂದೇಬಿಡುತ್ತಾರೆಂದು ಹೆದರಿ ಊರವರು ಕಟ್ಟತೊಡಗಿದ ಕೋಟೆಗೋಡೆ ಅದು. ಮುಗಿಯುವಷ್ಟರಲ್ಲಿ ನಾಲ್ಕು ದಶಕ ದಾಟಿತು. ಸ್ಮಶಾನ ಬಂದದ್ದು ಆಮೇಲೆ, 1562ರಲ್ಲಿ, ರಾಣಿ ಮೇರಿ ಹಳೆಯ ಮಠದ ಜಾಗವನ್ನು ಊರಿಗೆ ಬಿಟ್ಟುಕೊಟ್ಟಾಗ. ಶವಚ್ಛೇದನಕ್ಕೆ ಮಾರಲು ಹೆಣ ಕದಿಯುವವರ ಕಾಲಕ್ಕೆ ಗೋಡೆಗಳೂ ಸಾಲದೆ, ಗೋರಿಗಳಿಗೆ ಕಬ್ಬಿಣದ ಪಂಜರ ತೊಡಿಸಿದರು. ಅಂಥ ಪಂಜರಗಳು ಇನ್ನೂ ಅಲ್ಲಿವೆ.

ದಕ್ಷಿಣದ ಮೂಲೆಯಲ್ಲಿ ಬೀಗ ಜಡಿದ ಗೇಟೊಂದಿದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತೆ. 1638ರಲ್ಲಿ, ದೊರೆ ತಮ್ಮ ಆರಾಧನೆಯಲ್ಲಿ ಕೈಯಾಡಿಸಕೂಡದೆಂದು ಜನ ಒಡಂಬಡಿಕೆಗೆ ಸಹಿ ಹಾಕಿದ್ದು ಇದೇ ಚರ್ಚಿನಲ್ಲಿ. 41 ವರ್ಷದ ಮೇಲೆ, ಬಾತ್‌ವೆಲ್ ಸೇತುವೆಯ ಬಳಿ ಸೋತ ಅದೇ ಪಂಥದ ಸಾವಿರಕ್ಕೂ ಹೆಚ್ಚು ಮಂದಿಯನ್ನು ತಂದು ಕೂಡಿಹಾಕಿದ್ದು ಇದೇ ಚರ್ಚಿನ ಮಗ್ಗುಲ ಬಯಲಿನಲ್ಲಿ. ಸೂರಿಲ್ಲ, ಒರಗಲು ಗೋಡೆಯಿತ್ತು, ಅಷ್ಟೇ. ಬೇಸಿಗೆ ಕಳೆದು ಚಳಿ ಬಂತು. ಹಲವರು ತಲೆಬಾಗಿ ಬಿಡುಗಡೆ ಪಡೆದರು, ಹಲವರು ಸತ್ತರು. ಕೊನೆಗೆ ಉಳಿದ ಇನ್ನೂರೈವತ್ತರಷ್ಟು ಜನರನ್ನು ದೂರದ ವಸಾಹತಿಗೆಂದು ಹಡಗು ಹತ್ತಿಸಿದರು. ಡಿಸೆಂಬರಿನಲ್ಲಿ ಆರ್ಕ್ನಿ ದ್ವೀಪಗಳ ಬಳಿ ಹಡಗು ಒಡೆಯಿತು. ಬದುಕಿದವರು ಕೆಲವೇ ಮಂದಿ.

ಸರಳು ಹಿಡಿದು ಇಣುಕಿದೆ. ಒಳಗೆ ಹುಲ್ಲು ಒತ್ತಾಗಿ ಬೆಳೆದಿತ್ತು. ಕಂಬಿ ಕೈಗೆ ಕೊರೆಯುವಷ್ಟು ತಣ್ಣಗಿತ್ತು. ಬಾಬಿಯ ಕಡೆಯಿಂದ ಮಕ್ಕಳ ನಗು ಕೇಳಿಬರುತ್ತಿತ್ತು.